ಮಗ್ಗ ನಿಂತ ಹಾಡು

ನಮ್ಮ ತಂಡಕ್ಕೆ ಹೆಸರಿರಲಿಲ್ಲ. ಹೆಸರಿಡುವ ವಿಷಯಕ್ಕೇ ನಾವು ಮೂವರೂ ಜಗಳವಾಡಿ, ಮಾತು ಬಿಟ್ಟು, ಮತ್ತೆ ಮಾತಾಡಿ, ಕೊನೆಗೆ ಆ ಗೋಜೇ ಬೇಡವೆಂದು ಕೈಬಿಟ್ಟಿದ್ದೆವು. ಆದರೆ ಊರಿನವರು ಸುಮ್ಮನಿರುತ್ತಾರೆಯೇ? ಮಕ್ತಲ್ ಬಸ್‌ಸ್ಟ್ಯಾಂಡಿನ ಎದುರಿನ ಚಹಾದಂಗಡಿಯವರು ತಾವೇ ಒಂದು ಹೆಸರಿಟ್ಟುಬಿಟ್ಟರು: 'ಗುಂಯ್ ಅನ್ನೋರು'. ಸುಳ್ಳು ಯಾಕೆ ಹೇಳಲಿ, ಹೆಸರು ಸರಿಯಾಗಿಯೇ ಇತ್ತು. ನಮ್ಮ ಎಲ್ಲ ಹಾಡುಗಳೂ ಗುಂಯ್ ಎಂದೇ ಶುರುವಾಗುತ್ತಿದ್ದವು.

ಆ ಗುಂಯ್ ಬರುತ್ತಿದ್ದದ್ದು ನನ್ನ ಸೋದರಮಾವನ ಮಗನ ಗಿಟಾರಿನಿಂದ. ಅವನಿಗೆ ಮಕ್ತಲ್‌ನಲ್ಲಿ ಮೊಬೈಲ್ ಅಂಗಡಿ. ಫೋನ್ ರಿಪೇರಿ, ರೀಚಾರ್ಜು, ಮೆಮರಿ ಕಾರ್ಡಿಗೆ ಹಾಡು ತುಂಬಿಕೊಡುವುದು ಅವನ ಕಸುಬು. ಊರಿಗೆಲ್ಲ ಸಿನಿಮಾ ಹಾಡು, ಭಜನೆ, ಬತುಕಮ್ಮ ಹಬ್ಬದ ಪದ ತುಂಬಿಕೊಡುತ್ತಿದ್ದವನ ಸ್ವಂತ ಕಾರ್ಡಿನಲ್ಲಿ ಇದ್ದದ್ದೇ ಬೇರೆ. ಹೈದರಾಬಾದಿನ ಹಾಸ್ಟೆಲಿನಲ್ಲಿ ಡಿಪ್ಲೊಮಾ ಓದುವಾಗ ಯಾರೋ ಹಚ್ಚಿದ ಗೀಳು ಅದು. ಒಂದು ಸಂಜೆ ನನ್ನ ಕಿವಿಗೆ ಹೆಡ್‌ಫೋನ್ ಇಟ್ಟು, "ಮಾತಾಡಬ್ಯಾಡ, ಕೇಳು" ಅಂದ. ಗಿಟಾರು ತಗಡು ಗೀರಿದ ಹಾಗೆ ಗೀರುತ್ತಿತ್ತು. ಅದರ ಕೆಳಗೆ ಕಂಪ್ಯೂಟರಿನಲ್ಲಿ ಹುಟ್ಟಿಸಿದ ಧಪ್ ಧಪ್ ಬಡಿತ, ಅದರ ಮೇಲೆ ಯಾರೋ ಬಾವಿಯೊಳಗಿಂದ ಹಾಡುತ್ತಿದ್ದ ಹಾಗೆ ಒಂದು ದನಿ. ಭಾಷೆ ತಿಳಿಯಲಿಲ್ಲ. ಆದರೆ ನನ್ನ ಮೈ ಜುಂ ಎಂದಿತು. ಹೆಡ್‌ಫೋನ್ ತೆಗೆದು, "ಲೇ, ಇದನ್ನ ನಾವೂ ಮಾಡಬೇಕು!" ಅಂದೆ. ಮಾತಿಗೆ ಅವನು ನನಗೆ ಭಾವ, ಖುಷಿಗೂ ಸಿಟ್ಟಿಗೂ ಲೇ.

ಸಿಟ್ಟಿನ ಮಾತು ಬಂತಲ್ಲ, ಮೊದಲೇ ಹೇಳಿಬಿಡುತ್ತೇನೆ. ನನಗೆ ಅದು ಮೂಗಿನ ತುದಿಯಲ್ಲೇ ಇರುತ್ತದೆ. ನಾರಾಯಣಪೇಟೆಯ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಹುಡುಗಿಯರಿಗೆ ಟೈಪಿಂಗ್ ಕಲಿಸುತ್ತಿದ್ದೆ. ಕೀಲಿಗಳನ್ನು ಕುಟ್ಟುವವರನ್ನು ಕಂಡರೆ ನಾನೇ ಅವರನ್ನು ಕುಟ್ಟುವಷ್ಟು ಕೋಪ. ಆದರೆ ಅದೇ ಕಂಪ್ಯೂಟರಿನಲ್ಲಿ ಸಪ್ಪಳಗಳನ್ನು ತುಂಡು ಮಾಡಿ, ಜೋಡಿಸಿ, ತಿರುಗಿಸಿ ತಾಳ ಕಟ್ಟಬಹುದೆಂದು ಗೊತ್ತಾದ ದಿನದಿಂದ ನಾನು ಊಟ ಮರೆತೆ. ಗಿಟಾರು ಅವನದು, ಕಂಪ್ಯೂಟರು ನನ್ನದು. ಡ್ರಮ್ಮು ಮಾತ್ರ ನಮ್ಮ ಕಡೆ ಎಲ್ಲೂ ಸಿಗಲಿಲ್ಲ. ಸಿಕ್ಕಿದ್ದರೂ ಇಡಲು ಮನೆಯಲ್ಲಿ ಜಾಗವಿರಲಿಲ್ಲ. ಪಡಸಾಲೆಯ ತುಂಬ ಮಗ್ಗವಿತ್ತಲ್ಲ.

ನಮ್ಮದು ನೇಕಾರರ ಮನೆ. ಮಗ್ಗ ಅಂದರೆ ಕುಣಿಮಗ್ಗ. ನೆಲದಲ್ಲಿ ಅಗೆದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂರಬೇಕು. ತುಳಿಯುವ ಹಲಗೆಗಳು ಆ ಕುಣಿಯ ಕತ್ತಲೆಯಲ್ಲಿರುತ್ತವೆ, ಸೀರೆ ಮೇಲೆ ಬೆಳಕಿನಲ್ಲಿರುತ್ತದೆ. ಆ ಮಗ್ಗಕ್ಕೆ ಕೂರುತ್ತಿದ್ದವಳು ನನ್ನ ಅತ್ತಿಗೆ, ಅಣ್ಣನ ಹೆಂಡತಿ. ಗದ್ವಾಲದಿಂದ ಮದುವೆಯಾಗಿ ಬಂದವಳು. ಒಂದು ಮಧ್ಯಾಹ್ನ ಅವಳು ನೇಯುತ್ತಿದ್ದಾಗ ಭಾವ ಅಲ್ಲೇ ಕೂತು ಚಹಾ ಕುಡಿಯುತ್ತಿದ್ದವನು ಲೋಟ ಕೆಳಗಿಟ್ಟು ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ. ನೂಲು ಹೊತ್ತ ಲಾಳಿ ಸರ್ರನೆ ಓಡುವುದು, ತುದಿಯ ಗೂಡಿಗೆ ತಾಗಿ ಟಕ್ ಎನ್ನುವುದು, ಎಳೆಯನ್ನು ಬಡಿದು ಕೂರಿಸುವ ಹಲಗೆ ಧಪ್ ಎನ್ನುವುದು, ಕಾಲಡಿಯ ಹಲಗೆ ಕಿರ್ ಎನ್ನುವುದು. ಡ್ರಮ್ಮು ಹುಡುಕುತ್ತ ಊರೂರು ತಿರುಗಿದೆವಲ್ಲ, ಡ್ರಮ್ಮು ಮನೆಯಲ್ಲೇ ಇತ್ತು! ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು ನಮ್ಮ ಬಾಳು.

ಮರುದಿನವೇ ಭಾವ ಅಲಾರಂ ಗಡಿಯಾರದೊಳಗಿನ ಹಿತ್ತಾಳೆ ಬಿಲ್ಲೆಗೆ ಎರಡು ತಂತಿ ಬೆಸೆದು ತಂದ. ಅದನ್ನು ಮಗ್ಗದ ಮರಕ್ಕೆ ಟೇಪು ಹಚ್ಚಿ ಅಂಟಿಸಿದರೆ ಅದೇ ಮೈಕು. ಮರದ ಒಳಗಿನ ಸಪ್ಪಳವನ್ನೂ ಅದು ಹಿಡಿಯುತ್ತಿತ್ತು. ಕಂಪ್ಯೂಟರಿಗೆ ಹಾಕಿ, ಸ್ವಲ್ಪ ಒರಟು ಮಾಡಿ, ಸ್ವಲ್ಪ ಗುಮ್ಮೆನ್ನುವಂತೆ ಮಾಡಿ ಹಚ್ಚಿದಾಗ ಗೋಡೆಯ ಮೇಲಿನ ಕ್ಯಾಲೆಂಡರು ನಡುಗಿತು. ನಾನು ಕುಣಿದಾಡಿಬಿಟ್ಟೆ. ನಮ್ಮ ಎಲ್ಲ ಹಾಡುಗಳ ಎಲ್ಲ ತಾಳಗಳನ್ನೂ ಮಗ್ಗದ ಸಪ್ಪಳದಿಂದಲೇ ಕಟ್ಟಿದೆ. ಬೇರೊಂದು ಬಡಿತವೂ ಅದರಲ್ಲಿ ಇರಲಿಲ್ಲ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಇದೇ ನಮ್ಮ ಕುತ್ತಿಗೆಗೆ ಬಂತು.

ಹಾಡುವವರು ಯಾರು ಎನ್ನುವುದು ಮಾತ್ರ ಬಗೆಹರಿದಿರಲಿಲ್ಲ. ಭಾವ ಹಾಡಿದರೆ ನಾಯಿಗಳು ಎದ್ದು ಹೋಗುತ್ತಿದ್ದವು. ನಾನು ಹಾಡಿದರೆ ಶಾಲೆಯ ಪ್ರಾರ್ಥನೆಯಾಗುತ್ತಿತ್ತು. ಹೀಗಿರುವಾಗ ಒಂದು ದಿನ ನಾನು ತಾಳ ಹಚ್ಚಿ ಕೂತಿದ್ದೆ. ಅಡುಗೆಮನೆಯ ಬಾಗಿಲಲ್ಲಿ ನೂಲು ಸುತ್ತುತ್ತಿದ್ದ ಅತ್ತಿಗೆ, ತನಗೇ ಗೊತ್ತಿಲ್ಲದೆ, ಅದಕ್ಕೆ ದನಿ ಸೇರಿಸಿದಳು. ಅಬ್ಬಾ, ಆ ದನಿ! ಎದೆಯ ಕೆಳಗಿನಿಂದ ಎದ್ದು ಬರುವ, ದಪ್ಪ, ಕಪ್ಪು ದನಿ. ಭಾವ ಧಡಕ್ಕನೆ ಎದ್ದ.

"ಅಕ್ಕಾರ, ಇನ್ನೊಂದ್ಸಲ ಅನ್ರೀ! ನಿಮ್ಮ ಕೈ ಮುಗೀತೀನಿ."

ಅತ್ತಿಗೆ ನಾಚಿ ಸೆರಗು ಬಾಯಿಗೆ ಹಿಡಿದಳು. "ಸುಮ್ನಿರ್ರಿ. ನಂದು ಗಂಡಸರ ದನಿ."

ಅಂದು ಅವಳು ತನ್ನ ಕತೆ ಹೇಳಿದಳು. ಗದ್ವಾಲದ ಅವರ ಓಣಿಯಲ್ಲಿ ಸೋಮವಾರ ಭಜನೆ. ಹುಡುಗಿಯರೆಲ್ಲ ಸಣ್ಣ ದನಿಯಲ್ಲಿ ಹಾಡುವಾಗ ಇವಳ ದನಿ ಎಲ್ಲರ ಕೆಳಗೆ ಗುಡುಗುಟ್ಟುತ್ತಿತ್ತಂತೆ. ಯಾರೋ ನಕ್ಕರು. ಅವಳ ಅವ್ವ ನಗಲಿಲ್ಲ. ಎಲ್ಲರ ಮುಂದೆ ಮಗಳ ಕೈಗೆ ತಾಳ ಕೊಟ್ಟು, "ನೀ ಹಾಡಬ್ಯಾಡ, ತಾಳ ಬಡಿ ಸಾಕು" ಅಂದಳು. ಅಲ್ಲಿಂದ ಮದುವೆಯಾಗುವವರೆಗೂ ಇವಳು ತಾಳವನ್ನಷ್ಟೇ ಬಡಿದಳು. ಕೇಳಿದ ನನಗೆ ಮೈ ಉರಿಯಿತು. "ನಿಮ್ಮವ್ವಗ ಕಿವಿ ಇಲ್ಲೇನು?" ಅಂದೆ. ಅತ್ತಿಗೆಗೆ ಸಿಟ್ಟಿರಲಿಲ್ಲ, ಅದೇ ನನಗೆ ಇನ್ನಷ್ಟು ಸಿಟ್ಟು ತಂದಿತು. ಅವಳು ನೂಲು ಸುತ್ತುತ್ತಲೇ ಹೇಳಿದಳು: "ಒಂದ್ಸಲ ನಮ್ಮವ್ವ ಕೂತು ನನ್ನ ದನಿ ಕೇಳಬೇಕು ನೋಡು ತಂಗಿ. ಪೂರ್ತಿ ಕೇಳಬೇಕು. ಆಮ್ಯಾಲ ಬೈದ್ರೂ ಬೈಲಿ."

ಹಾಡಿನ ಪದವನ್ನೂ ಅವಳೇ ಕಟ್ಟಿದಳು. ಮಗ್ಗದಲ್ಲಿ ಕೂತು ಕೂತು ಹುಟ್ಟಿದ ಪದ:

ಕಾಲು ಕತ್ತಲದಾಗ, ಕೈ ಬೆಳಕಿನಾಗ,
ನಡುವ ನಾ ಕುಂತೀನಿ ಯಾರ ಸೀರಿಗಾಗಿ?

ಭಾವ ಇದನ್ನು ಕೇಳಿ ಗಿಟಾರು ಎತ್ತಿಕೊಂಡವನು ಕತ್ತಲಾಗುವವರೆಗೂ ಕೆಳಗಿಡಲಿಲ್ಲ. ನಮ್ಮ ತಂಡ ನಿಜವಾಗಿ ಹುಟ್ಟಿದ್ದು ಅಂದು.

ಅದು ನಮ್ಮ ಗಡಿನಾಡಿಗೂ ತೆಲಂಗಾಣ ರಾಜ್ಯ ಬಂದ ವರ್ಷ. ಊರೂರಲ್ಲಿ ಪಟಾಕಿ, ಗುಲಾಲು, ಲಾರಿಯಷ್ಟು ದೊಡ್ಡ ಡಿಜೆ. ಗಾಡಿಗಳ ನಂಬರ್ ಪ್ಲೇಟಿನ ಅಕ್ಷರಗಳು ಬದಲಾಗುತ್ತಿದ್ದವು, ಅಂಗಡಿ ಬೋರ್ಡುಗಳಿಗೆ ಹೊಸ ಬಣ್ಣ. ಮಕ್ತಲ್‌ನ ಸಂಭ್ರಮದ ಸಭೆಯಲ್ಲಿ ನಮಗೂ ಒಂದು ಹಾಡಿಗೆ ಜಾಗ ಸಿಕ್ಕಿತು. ನಾವು ಹಿರಿಹಿರಿ ಹಿಗ್ಗಿ ಹೋದೆವು. ಗುಂಯ್ ಎಂದೆವು. ಜನ ಸುಮ್ಮನಾದರು. ಮೆಚ್ಚಿ ಸುಮ್ಮನಾದರೆಂದು ನಾನು ತಿಳಿದೆ! ಅತ್ತಿಗೆ ಬಾಯಿ ತೆರೆಯುವ ಮೊದಲೇ ಸಭೆಯ ಮುಖಂಡರೊಬ್ಬರು ವೇದಿಕೆ ಹತ್ತಿ ಬಂದು ತೆಲುಗಿನಲ್ಲಿ ಶುರುಮಾಡಿ, ನಮ್ಮ ಮುಖ ನೋಡಿ ಕನ್ನಡಕ್ಕೆ ಬಂದರು.

"ಏನಮ್ಮಾ ಇದು? ರಾಜ್ಯ ಬಂದೈತಿ, ಖುಷಿ ಪಡೋದು ಬಿಟ್ಟು ನೀವ್ಯಾಕ ಅಳಾಕತ್ತೀರಿ?"

"ಅಳಾಕತ್ತಿಲ್ರಿ, ಇದು ರಾಕು" ಅಂದೆ ನಾನು.

"ಅದೇನ ಇರಲಿ, ನಾಳೆ ಅಳ್ರಿ" ಅಂದು ಅವರು ನಮ್ಮ ವೈರು ತೆಗೆಸಿಬಿಟ್ಟರು. ಅವರ ಡಿಜೆ ಶುರುವಾಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ನಾನು ವೇದಿಕೆಯ ಹಿಂದೆ ನಿಂತು ಗೊತ್ತಿದ್ದ ಮೂರೂ ಭಾಷೆಗಳಲ್ಲಿ ಬೈದೆ. ರಾಜ್ಯ ಬಂದದ್ದಕ್ಕೆ ನನಗೂ ಖುಷಿಯಿತ್ತು ಕಣ್ರೀ, ಆದರೆ ಖುಷಿಯಾದಾಗ ಎಲ್ಲರೂ ಒಂದೇ ತಾಳಕ್ಕೆ ಕುಣಿಯಬೇಕೆಂದು ಎಲ್ಲಿ ಬರೆದಿದೆ? ಬೈದು ಸುಸ್ತಾದ ಮೇಲೆ ಅತ್ತಿಗೆ ಮೆಲ್ಲಗೆ ಅಂದಳು: "ನಾವ ಒಂದು ಕಾರ್ಯಕ್ರಮ ಇಡೋಣು. ಗದ್ವಾಲದಾಗ. ನಮ್ಮ ಓಣ್ಯಾಗ."

ನನ್ನ ಸಿಟ್ಟು ಅಲ್ಲೇ ಹಾರಿಹೋಯಿತು.

ಯಾವತ್ತು ಇಡುವುದು? ಅದನ್ನೂ ಅತ್ತಿಗೆಯೇ ಹೇಳಿದಳು. ನೇಕಾರರಿಗೆ ಬಿಡುವಿರುವುದು ಒಂದೇ ದಿನ, ಅಮಾವಾಸ್ಯೆ. ಅಂದು ಯಾರೂ ಮಗ್ಗಕ್ಕೆ ಕೂರುವುದಿಲ್ಲ. ಮಗ್ಗ ಒರೆಸಿ, ಕುಂಕುಮ ಹಚ್ಚಿ, ದೀಪವಿಡುತ್ತಾರೆ. ಓಣಿಯೆಲ್ಲ ಖಾಲಿ ಕೈಯಲ್ಲಿ ಕಟ್ಟೆಯ ಮೇಲೆ ಕೂತಿರುತ್ತದೆ. ಹೊಸ ರಾಜ್ಯದ ಮೊದಲ ಮಣ್ಣೆತ್ತಿನ ಅಮಾವಾಸ್ಯೆ ಹತ್ತಿರದಲ್ಲೇ ಇತ್ತು. ಭಾವ ಕೇಳಿದ್ದೇ ತಡ, ಹಾರಿ ಬಿದ್ದ. "ಅಮಾಸಿ! ಕತ್ತಲದ ಹಾಡಿಗೆ ಕತ್ತಲದ ದಿನ! ಇದಕ್ಕಿಂತ ಛಲೋ ದಿನ ಬ್ಯಾರೆ ಐತೇನು?" ಅತ್ತಿಗೆ ನೇಕಾರಳು, ನಾನು ನೇಕಾರರ ಮಗಳು, ಅವನು ನೇಕಾರರ ಮನೆಯ ಹುಡುಗ. ಮೂವರ ತಲೆಗೂ ಮುಂದಿನ ಮಾತು ಹೊಳೆಯಲಿಲ್ಲ ನೋಡಿ! ಬೇರೆ ಯಾರೂ ಮಾಡಲಾರದ ತಪ್ಪನ್ನು ನಾವು ಕುಣಿಕುಣಿದು ಮಾಡಿದೆವು.

ಅಮಾವಾಸ್ಯೆಯ ಬೆಳಿಗ್ಗೆ ಅಣ್ಣ ಬಾಡಿಗೆಯ ಟ್ರಾಲಿ ಆಟೋ ತಂದ. ಸ್ಪೀಕರು, ಗಿಟಾರು, ಕಂಪ್ಯೂಟರು, ನಾವು, ಹೋಳಿಗೆಯ ಡಬ್ಬಿ ಎಲ್ಲ ಹಿಂದೆ. ಮಕ್ತಲ್ ದಾಟಿ ಕೃಷ್ಣಾ ನದಿಯ ಅಣೆಕಟ್ಟಿನ ಮೇಲೆ ಬಂದಾಗ ಗಾಳಿ ನಮ್ಮನ್ನು ಎತ್ತಿ ಒಯ್ಯುವ ಹಾಗಿತ್ತು. ದಾರಿಯುದ್ದಕ್ಕೂ ಮಕ್ಕಳು ಮಣ್ಣೆತ್ತು ಮಾಡಿ ಕಟ್ಟೆಗಳ ಮೇಲೆ ಒಣಗಲು ಇಟ್ಟಿದ್ದರು. ಅತ್ತಿಗೆ ಸ್ಪೀಕರಿಗೆ ಬೆನ್ನು ಕೊಟ್ಟು ಕೂತು ನದಿಯ ಮೇಲೇ ಒಮ್ಮೆ ದನಿ ಬಿಟ್ಟಳು. ಎದುರಿನ ಬಸ್ಸಿನವರು ಕಿಟಕಿಯಿಂದ ತಲೆ ಹೊರಹಾಕಿ ನೋಡಿದರು. ನನಗೆ ನಗು, ಹಸಿವು ಎರಡೂ ಒಟ್ಟಿಗೇ.

"ನಿಮ್ಮವ್ವ ಕೂತು ಕೇಳ್ತಾಳಂತೀ?" ಎಂದೆ.

"ಇವತ್ತ ಕೇಳಬೇಕು. ಬ್ಯಾರೆ ದಿನ ಆದ್ರ ಮಗ್ಗ ಬಿಟ್ಟು ಏಳಾಂಗಿಲ್ಲ. ನಮ್ಮವ್ವ ಮಗ್ಗ ನಿಲ್ಲಸೋದು ಎರಡಕ್ಕ. ಒಂದು ಅಮಾಸಿಗೆ, ಒಂದು ಸಾವಿಗೆ."

ಅದು ನಿಜ. ನಾವು ಅಣ್ಣನಿಗೆ ಹೆಣ್ಣು ನೋಡಲು ಹೋದ ದಿನವೂ ಆ ತಾಯಿ ನೇಯುತ್ತಲೇ ನಮ್ಮನ್ನು ಮಾತಾಡಿಸಿದ್ದಳು. ವರೋಪಚಾರದ ಮಾತಿನ ನಡುವೆ ಧಪ್, ಅವಲಕ್ಕಿಯ ತಟ್ಟೆ ಬಂದಾಗ ಧಪ್. ನಮ್ಮವ್ವ ದಾರಿಯುದ್ದಕ್ಕೂ, "ಬೀಗತಿಗಿಂತ ಅಕಿ ಮಗ್ಗ ಭಾಳ ಮಾತಾಡ್ತು" ಅಂದಿದ್ದಳು.

ಓಣಿಗೆ ಹೋದಾಗ ಸ್ವಾಗತಕ್ಕೇನೂ ಕಡಿಮೆಯಿರಲಿಲ್ಲ. ಅತ್ತಿಗೆಯ ಅವ್ವ ನನಗೆ ಅತ್ತೆಯ ಲೆಕ್ಕ. ಎತ್ತರದ, ಬಿಗಿ ಮುಖದ ಹೆಂಗಸು, ಮಾತು ಮಿತ. ಬೀಗರ ಹುಡುಗಿಯೆಂದು ನನಗೆ ರೀ ಹಚ್ಚಿ ಮಾತಾಡುತ್ತಿದ್ದಳು. ಕಡುಬು, ಹೋಳಿಗೆ, ಮಣ್ಣೆತ್ತಿನ ಪೂಜೆ ಎಲ್ಲ ಆಯಿತು. ಪಡಸಾಲೆಯಲ್ಲಿ ಮಗ್ಗಕ್ಕೆ ಕುಂಕುಮ, ಹೂವು, ಮುಂದೆ ದೀಪ. ಅರ್ಧ ನೇಯ್ದ ಗದ್ವಾಲ ಸೀರೆಯ ಮೇಲೆ ಬಿಳಿ ಬಟ್ಟೆ ಹೊದಿಸಿದ್ದರು. ನಾವು ಮನೆಯ ಮುಂದಿನ ಕಟ್ಟೆಯ ಮೇಲೆ ಸ್ಪೀಕರು ಜೋಡಿಸಿದೆವು. ಬಿಸಿಲು ಇಳಿಯುವ ಹೊತ್ತು. ಓಣಿಯ ಜನ ಆಗಲೇ ಚಾಪೆ ತಂದು ಹಾಸತೊಡಗಿದ್ದರು. ನಾನು ಒಮ್ಮೆ ಸರಿಯಾಗಿ ಬರುತ್ತದೆಯೇ ನೋಡೋಣವೆಂದು ತಾಳ ಹಚ್ಚಿದೆ.

ಧಪ್. ಟಕ್. ಧಪ್.

ಓಣಿಯ ಬಾಗಿಲುಗಳೆಲ್ಲ ಒಮ್ಮೆಗೇ ತೆರೆದವು. ಕಟ್ಟೆಯ ಮೇಲಿನವರು ಎದ್ದು ನಿಂತರು. ಒಳಗಿಂದ ಅತ್ತೆ ಕೈಯಲ್ಲಿ ಎಣ್ಣೆಯ ಬಟ್ಟಲು ಹಿಡಿದೇ ಓಡಿ ಬಂದಳು.

"ಯಾರದು ಅಮಾಸಿ ದಿನ ಮಗ್ಗ ಬಡಿಯೋರು?"

"ಮಗ್ಗಲ್ಲತ್ತೀ, ಕಂಪ್ಯೂಟ್ರು" ಅಂದೆ.

"ಸಪ್ಪಳ ಯಾರದು?"

"…ಮಗ್ಗದ್ದು."

"ಮತ್ತ?"

ಅತ್ತಿಗೆಯ ಮುಖ ನೋಡಿದೆ. ಅವಳು ಹಣೆ ಚಚ್ಚಿಕೊಂಡಳು. ನೇಕಾರರು ಬಿಡುವಾಗಿರುತ್ತಾರೆಂದು ಅಮಾವಾಸ್ಯೆ ಆರಿಸಿದವರು ನಾವು, ಅವರು ಯಾಕೆ ಬಿಡುವಾಗಿರುತ್ತಾರೆ ಎನ್ನುವುದನ್ನೇ ಮರೆತಿದ್ದೆವು! ಜನ ಸಿಕ್ಕರು, ಮಗ್ಗ ಕೈಬಿಟ್ಟಿತು.

ಆಮೇಲೆ ನಡೆದ ಪಂಚಾಯಿತಿಯನ್ನು ನೆನೆದರೆ ಈಗ ನಗು ಬರುತ್ತದೆ, ಆಗ ಕಣ್ಣಲ್ಲಿ ನೀರು ಬಂದಿತ್ತು. ಭಾವ ವಾದ ಮಾಡಿದ: ಮಗ್ಗ ಮುಟ್ಟಿಲ್ಲ, ಎಳೆ ಬಡಿದಿಲ್ಲ, ಇದು ಎಂದೋ ಹಿಡಿದಿಟ್ಟ ಸಪ್ಪಳ. ಓಣಿಯ ಹಿರಿಯರೊಬ್ಬರು ಬೀಡಿ ಆರಿಸಿ, ಸಾವಕಾಶವಾಗಿ ಕೇಳಿದರು: "ಅಲ್ಲಪಾ, ಕ್ಯಾಸೆಟ್‌ನ್ಯಾಗ ಮಂತ್ರ ಹಚ್ಚಿದ್ರ ಪೂಜಿ ಆತು ಅಂತೀವಿ ಹೌದಲ್ಲೋ? ಹಂಗಾದ್ರ ಕಂಪ್ಯೂಟ್ರದಾಗ ಮಗ್ಗ ಹಚ್ಚಿದ್ರ ನೇಯ್ದಂಗ ಆಗಂಗಿಲ್ಲೇನು?" ಓಣಿಯೆಲ್ಲ ಹೌದೌದು ಅಂದಿತು. ನಾನು ಸಪ್ಪಳವನ್ನು ತಿರುಗುಮುರುಗು ಮಾಡಿ, ಗುರುತು ಸಿಗದಂತೆ ಕೆಡಿಸಿ ಹಚ್ಚಿ ನೋಡಿದೆ. ಚಾಪೆಯ ಮೇಲಿನ ಚಿಕ್ಕ ಹುಡುಗಿಯೊಬ್ಬಳು, "ಮಗ್ಗ! ಮಗ್ಗ!" ಎಂದು ಚಪ್ಪಾಳೆ ತಟ್ಟಿದಳು. ಹಾಳಾಗಿ ಹೋಗಲಿ, ಎಲ್ಲ ಬಂದ್ ಮಾಡಿದೆ.

ಅತ್ತೆ ನನಗೆ ಬೈಯಲಿಲ್ಲ, ಬೀಗರಲ್ಲವೇ. ಮಗಳಿಗೆ ಅಂದಳು: "ಹೊರಗಿನವ್ರಿಗೆ ಗೊತ್ತಿಲ್ಲ ಅಂದ್ರ ಒಂದು ಮಾತು. ನಿನಗೂ ಗೊತ್ತಿಲ್ಲೇನು?"

ಅತ್ತಿಗೆ ತಲೆ ತಗ್ಗಿಸಿದಳು. ಭಾವ ವೈರು ಸುತ್ತತೊಡಗಿದ. ತಾಳವಿಲ್ಲದೆ ನಮ್ಮ ಹಾಡು ಏನು? ಬೆನ್ನೆಲುಬಿಲ್ಲದ ಮೈ. "ಬ್ಯಾಡ ಬಿಡು, ಹೋಗೋಣು" ಅಂದ. ನನಗೆ ಅವನ ಮೇಲೆ, ಅತ್ತೆಯ ಮೇಲೆ, ಪಂಚಾಂಗದ ಮೇಲೆ, ಎಲ್ಲದರ ಮೇಲೂ ಸಿಟ್ಟು. ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತಿಗೆ ಅವನ ಕೈಯಿಂದ ವೈರು ಕಿತ್ತುಕೊಂಡಳು.

"ತಾಳ ಬಡಿದು ಬಡಿದು ನನಗ ಸಾಕಾಗೈತಿ" ಅಂದಳು. "ಇವತ್ತ ತಾಳ ಬ್ಯಾಡ. ದನಿ ಸಾಕು."

ಭಾವ ಗಿಟಾರು ಎತ್ತಿಕೊಂಡ. ನಾನು ಕಂಪ್ಯೂಟರಿನಲ್ಲಿ ಒಂದೇ ಒಂದು ನಾದ ಹಿಡಿದೆ, ತಂಬೂರಿಯ ಹಾಗೆ ಎಡೆಬಿಡದೆ, ಆದರೆ ಅದಕ್ಕಿಂತ ಕಪ್ಪಗೆ. ಗುಂಯ್ ಎಂದಿತು. ಯಾರೋ ಕಿಸಕ್ಕೆಂದರು. ಅತ್ತಿಗೆ ಕಣ್ಣು ಮುಚ್ಚಿದಳು.

ಕಾಲು ಕತ್ತಲದಾಗ…

ನಾನು ಆ ದನಿಯನ್ನು ನೂರು ಸಲ ಕೇಳಿದವಳು. ಅಂದು ಕೇಳಿದ್ದು ಬೇರೆ. ಆ ಓಣಿ ಮಿಕ್ಕ ದಿನವೆಲ್ಲ ಮಗ್ಗದ ಸಪ್ಪಳದಲ್ಲಿ ಮುಳುಗಿರುತ್ತದೆ. ಅಂದು ಒಂದು ಲಾಳಿಯೂ ಓಡುತ್ತಿರಲಿಲ್ಲ. ಅವಳ ದನಿ ಅಡ್ಡಿಯಿಲ್ಲದೆ ಓಣಿಯ ತುದಿಯವರೆಗೆ ಹೋಗಿ, ಕೊನೆಯ ಮನೆಯ ಗೋಡೆ ಮುಟ್ಟಿ ಬಂತು. ನಗು ನಿಂತಿತು. ಆಗ ನಾನು ಕಂಡದ್ದನ್ನು ಇವತ್ತಿಗೂ ಹೇಳಿ ಹೇಳಿ ದಣಿದಿಲ್ಲ. ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತವರ ಕಾಲುಗಳು ಅಲುಗುತ್ತಿದ್ದವು. ಎಡಗಾಲು ಕೆಳಗೆ, ಬಲಗಾಲು ಕೆಳಗೆ, ಮತ್ತೆ ಎಡಗಾಲು. ಗಂಡಸರು, ಹೆಂಗಸರು, ಎಲ್ಲರೂ ಇಲ್ಲದ ಹಲಗೆಯನ್ನು ತುಳಿಯುತ್ತಿದ್ದರು. ಸಪ್ಪಳವಿಲ್ಲದ ತಾಳ! ನಾನು ಕೂಗಬೇಕೆನಿಸಿ ಬಾಯಿಗೆ ಕೈ ಅಡ್ಡ ಹಿಡಿದೆ. ಭಾವನೂ ನೋಡಿದ. ಅವನ ಗಿಟಾರು ಆ ಕಾಲುಗಳ ಜೊತೆಗೇ ನಡೆಯತೊಡಗಿತು.

ಆಗಲೇ ಬಾಗಿಲ ಹತ್ತಿರ ಗೋಡೆಗೆ ಒರಗಿ ಕೂತಿದ್ದ ಅತ್ತೆ ಎದ್ದಳು. ಹಾಡು ಅರ್ಧ ಕೂಡ ಆಗಿರಲಿಲ್ಲ. ಯಾರ ಮುಖವನ್ನೂ ನೋಡದೆ ಒಳಗೆ ಹೋದಳು. ಹೋದವಳು ಹಾಡು ಮುಗಿಯುವವರೆಗೂ ಹೊರಗೆ ಬರಲಿಲ್ಲ.

ಹಾಡು ಮುಗಿದ ಮೇಲೆ ಓಣಿ ಬಾಯಿ ಬಿಟ್ಟಿತು. ಬೀಡಿಯ ಹಿರಿಯರು, "ಹೊಟ್ಟ್ಯಾಗ ಕೈ ಹಾಕಿ ತಿರುವಿದಂಗ ಆತವ್ವ" ಅಂದರು. ಅದು ಹೊಗಳಿಕೆಯೇ. ಹೆಂಗಸರು ಅತ್ತಿಗೆಯ ಕೈ ಹಿಡಿದು ಎಳೆದಾಡಿದರು, ಇನ್ನೊಂದು ಹಾಡು ಎಂದರು. ನಮ್ಮ ಬಳಿ ತಾಳವಿಲ್ಲದೆ ನಿಲ್ಲುವ ಹಾಡು ಅದೊಂದೇ ಇತ್ತು, ಅದನ್ನೇ ಮತ್ತೆ ಹಾಡಿದೆವು. ಭಾವ ನನ್ನ ಬೆನ್ನಿಗೆ ಗುದ್ದಿದ, ನಾನು ಅವನಿಗೆ ಗುದ್ದಿದೆ. ಆದರೆ ಅತ್ತಿಗೆ ಬಾಗಿಲ ಕಡೆಗೇ ನೋಡುತ್ತಿದ್ದಳು. ವೈರು ಸುತ್ತುವಾಗ ನನ್ನ ಕಿವಿಯಲ್ಲಿ ಅಂದಳು: "ಊರು ಕೇಳ್ತು ತಂಗಿ. ಅವ್ವ ಕೇಳಲಿಲ್ಲ."

ಊಟಕ್ಕೆ ಕೂತಾಗ ಅವಳು ನೇರವಾಗಿಯೇ ಕೇಳಿದಳು: "ಯಾಕ ಎದ್ದು ಹೋದ್ಯವ್ವಾ?"

"ಮಗ್ಗದ ಮುಂದಿನ ದೀಪಕ್ಕ ಎಣ್ಣಿ ಹಾಕಾಕ" ಅಂದಳು ಅತ್ತೆ. ಅನ್ನ ಬಡಿಸುತ್ತಲೇ ಇದ್ದಳು. ನನ್ನ ನಾಲಿಗೆಯ ತುದಿಗೆ ಮಾತು ಬಂದಿತ್ತು. ಎಣ್ಣೆ ಹಾಕಲು ಅಷ್ಟು ಹೊತ್ತೇ? ಅಣ್ಣ ನನ್ನ ತೊಡೆ ಚಿವುಟಿದ್ದರಿಂದ ನುಂಗಿಕೊಂಡೆ.

ಮರುದಿನ ಪಾಡ್ಯ. ಬೆಳಿಗ್ಗೆ ಟ್ರಾಲಿಗೆ ಸಾಮಾನು ಏರಿಸುತ್ತಿದ್ದೆವು. ಓಣಿಯ ಮಗ್ಗಗಳು ಒಂದೊಂದಾಗಿ ಎದ್ದಿದ್ದವು. ನಮ್ಮ ಹಿಂದೆ ಅತ್ತೆಯ ಮಗ್ಗವೂ ಶುರುವಾಯಿತು. ಧಪ್, ಟಕ್, ಧಪ್. ನಾವು ಹೋಗುವಾಗಲೂ ಈಯಮ್ಮ ಏಳುವುದಿಲ್ಲವಲ್ಲ ಎಂದು ನನಗೆ ಒಳಗೊಳಗೇ ಕುದಿಯಿತು. ಅಷ್ಟರಲ್ಲಿ ಒಳಗಿಂದ ಕೂಗು ಬಂತು.

"ಬೀಗರ ಹುಡುಗೀ! ಆ ನಿಮ್ಮ ಸಪ್ಪಳದ ಡಬ್ಬಿ ಒಳಗ ತರ್ರಿ. ನಿನ್ನೆ ಮಗ್ಗ ಬೇಕು ಅಂತಿದ್ರಲ್ಲ? ಇವತ್ತ ಐತಿ. ಜಲ್ದಿ, ನನಗ ಸೀರಿ ಮುಗಸೋದೈತಿ."

ನಾವು ಎಷ್ಟು ಜೋರಾಗಿ ಓಡಿದೆವೆಂದರೆ ಹೊಸ್ತಿಲಲ್ಲಿ ಭಾವನಿಗೂ ನನಗೂ ತಲೆ ತಲೆ ಬಡಿಯಿತು. ಹಿತ್ತಾಳೆ ಬಿಲ್ಲೆಯನ್ನು ಮಗ್ಗದ ಮರಕ್ಕೆ ಅಂಟಿಸಿದೆ. ಅತ್ತೆ ಒಮ್ಮೆಯೂ ತಲೆಯೆತ್ತಲಿಲ್ಲ, ನೇಯುತ್ತಲೇ ಇದ್ದಳು. ಅತ್ತಿಗೆ ಮಗ್ಗದ ಪಕ್ಕದ ಕಂಬ ಹಿಡಿದು ನಿಂತಳು. ಭಾವ ಗಿಟಾರಿನ ಮೇಲೆ ಬೆರಳಿಟ್ಟ. ನಾನು ಕಂಪ್ಯೂಟರಿನಲ್ಲಿ ರೆಕಾರ್ಡು ಒತ್ತಿದೆ.

ತಾಯಿಯ ಮಗ್ಗ, ಮಗಳ ದನಿ. ಎರಡೂ ಒಂದಕ್ಕೊಂದು ಸೋಲದೆ ಒಟ್ಟಿಗೆ ನಡೆದವು. ಕಂಪ್ಯೂಟರಿನಲ್ಲಿ ನಾನು ಕಟ್ಟಿದ ಯಾವ ತಾಳವೂ ಇಷ್ಟು ಜೀವಂತವಾಗಿರಲಿಲ್ಲ. ಮೊದಲ ಸಾಲಾಯಿತು. ಎರಡನೆಯ ಸಾಲಿಗೆ ಬಂದಳು. ನಡುವ ನಾ ಕುಂತೀನಿ…

ಮಗ್ಗ ನಿಂತಿತು.

ನಾನು ಎಳೆ ಕಡಿಯಿತೇನೋ ಎಂದು ನೋಡಿದೆ. ಕಡಿದಿರಲಿಲ್ಲ. ಅತ್ತೆಯ ಒಂದು ಕೈಯಲ್ಲಿ ಲಾಳಿ ಹಾಗೇ ಇತ್ತು, ಇನ್ನೊಂದು ಕೈ ಬಡಿಯುವ ಹಲಗೆಯ ಮೇಲೆ. ಕಾಲು ಕುಣಿಯಲ್ಲಿ ಅಲುಗದೆ ಇತ್ತು. ಅವಳು ತಲೆಯೆತ್ತಿ ಮಗಳ ಬಾಯನ್ನೇ ನೋಡುತ್ತಿದ್ದಳು. ಅತ್ತಿಗೆಯ ದನಿ ಒಂದು ಕ್ಷಣ ಒಡೆಯಿತು, ಮತ್ತೆ ಗಟ್ಟಿಯಾಯಿತು. ಹಾಡಿನ ಉಳಿದಷ್ಟನ್ನೂ ಅವಳು ಒಬ್ಬಳೇ ಹಾಡಿದಳು. ಕೊನೆಯ ಅಕ್ಷರ ಮುಗಿಯುವವರೆಗೆ ಆ ಕೈ ಏಳಲಿಲ್ಲ. ಮುಗಿದ ಮೇಲೆ ಅತ್ತೆ, "ಹ್ಞೂಂ" ಅಂದಳು. ಲಾಳಿ ಸರ್ರನೆ ಓಡಿತು. ಧಪ್.

ಭಾವ ಅಳುಕುತ್ತ ಕೇಳಿದ: "ಅತ್ತೀ, ನಡುವ ಮಗ್ಗ ನಿಂತುಬಿಡ್ತು. ಇನ್ನೊಂದ್ಸಲ ಮಾಡೋಣೇನ್ರಿ?"

"ಯಾಕ? ಬರೊಬ್ಬರಿ ಬಂದೈತಿ" ಅಂದಳು ಅತ್ತೆ.

ಆ ಭಾವನನ್ನೇ ನಾನು ಮುಂದೆ ಮದುವೆಯಾದೆ, ಗಿಟಾರು ಮಾರಬಾರದೆಂಬ ಕರಾರಿನ ಮೇಲೆ. ನಾವು ಆ ಹಾಡನ್ನು ಎಷ್ಟೋ ಮೆಮರಿ ಕಾರ್ಡುಗಳಿಗೆ ತುಂಬಿಕೊಟ್ಟಿದ್ದೇವೆ. ಗದ್ವಾಲದಾಚೆಯ ಗಟ್ಟು, ಶಾಂತಿನಗರದ ಕಡೆಯಿಂದಲೂ ಕೇಳಿಕೊಂಡು ಬರುತ್ತಾರೆ. ಕೇಳಿದವರೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ: "ನಡುವ ತಾಳ ಹೋಗೈತಲ್ರಿ, ಕರೆಂಟ್ ಹೋತೇನು?" ಅದನ್ನು ಸರಿಮಾಡುವುದು ನನಗೆ ಎರಡು ನಿಮಿಷದ ಕೆಲಸ. ಮಾಡುವುದಿಲ್ಲ.

ಅಂದು ವಾಪಸು ಬರುವಾಗ ಟ್ರಾಲಿ ಮತ್ತೆ ಅಣೆಕಟ್ಟಿನ ಮೇಲೆ ಬಂದಿತ್ತು. ನದಿಯ ನಡುವೆ ಅತ್ತಿಗೆ ನನ್ನ ಮುಂಗೈ ಹಿಡಿದು ಅಲ್ಲಾಡಿಸಿದಳು. ಅಳುತ್ತಿದ್ದಳೋ ನಗುತ್ತಿದ್ದಳೋ, ಆ ಗಾಳಿಯಲ್ಲಿ ಹೇಗೆ ಹೇಳಲಿ.

"ಇವತ್ತ ಅಮಾಸಿ ಅಲ್ಲಲ್ಲ ತಂಗಿ" ಅಂದಳು. "ಯಾರೂ ಸತ್ತೂ ಇಲ್ಲ."